ಸಿಟ್ಟಿಗೊಂದು ಲೆಕ್ಕದ ಪುಸ್ತಕ

(ಸಾಗರದಲ್ಲಿ ಒಂದು ಭಾನುವಾರ ಸಂಜೆ ರೈತರು, ವಾಹನ ಚಾಲಕರು, ಸಹಕಾರ ಸಂಘದವರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಓದಲು ತೊಡಕಾಗಬಾರದೆಂದು ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬಂದವರನ್ನು ಕೊನೆಯ ಬಸ್ಸಿನ ಹೊತ್ತಿಗೆ ಬಿಟ್ಟುಬಿಡಬೇಕೆಂದು ಕರೆದವರು ಮೊದಲೇ ಹೇಳಿದ್ದಾರೆ. ಆ ಬಸ್ಸಿನ ವಿಷಯಕ್ಕೂ ಬರುತ್ತೇನೆ.

ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಇಪ್ಪತ್ತೇಳು ವರ್ಷ ಕಾರ್ಯದರ್ಶಿಯಾಗಿದ್ದೆ. ದಿನಕ್ಕೆರಡು ಸಲ ಹಾಲು ಅಳೆಯುವುದು, ಫ್ಯಾಟ್ ನೋಡುವುದು, ಪುಸ್ತಕಕ್ಕೆ ಏರಿಸುವುದು. ತಾಳೆಯಾಗದೆ ಎಂಟಾಣೆ ಹೆಚ್ಚುಕಡಿಮೆ ಬಂದರೂ ಮನೆಗೆ ಹೋಗುತ್ತಿರಲಿಲ್ಲ. ಹಾಲು ಹಾಕುವವರು ಸುಮ್ಮನೆ ಬಿಡುತ್ತಲೂ ಇರಲಿಲ್ಲ. ‘ನಿನ್ನೆ ನನ್ನದು ನಾಲ್ಕು ಲೀಟರು ಇನ್ನೂರು, ಪುಸ್ತಕದಲ್ಲಿ ನಾಲ್ಕೇ ಇದೆಯಲ್ಲ ಮಾರಾಯ್ರೇ’ ಎಂದು ಕೌಂಟರಿನ ಮುಂದೆ ನಿಲ್ಲುತ್ತಿದ್ದರು. ಆ ಇನ್ನೂರು ಮಿಲಿಯ ಜಗಳಕ್ಕೆ ನಾನು ಯಾವತ್ತೂ ಬೇಸರಪಟ್ಟವನಲ್ಲ. ಕೇಳುವವರು ಇದ್ದದ್ದರಿಂದಲೇ ಸಂಘ ನೆಟ್ಟಗೆ ನಡೆಯಿತು. ಆದರೆ ಇದೇ ಜನ, ನಾನೂ ಸೇರಿ, ಡೀಸೆಲಿಗೆ, ಗ್ಯಾಸಿಗೆ, ಕರೆಂಟಿಗೆ ದುಡ್ಡು ಕೊಡುವಾಗ ಯಾಕೆ ಹೀಗೆ ನಿಲ್ಲುವುದಿಲ್ಲ? ಸಿಟ್ಟು ಮಾತ್ರ ಬೇಕಾದಷ್ಟಿದೆ. ಚಹಾದಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ರಾಜಕಾರಣಿಗಳಿಗೆ ಬೀಳುವ ಬೈಗುಳ ಕಡಿಮೆಯದೇನಲ್ಲ. ಆ ಸಿಟ್ಟನ್ನು ಯಾರ ಖಾತೆಗೆ ಎಷ್ಟೆಂದು ನಾವು ಬರೆದಿಟ್ಟಿಲ್ಲ.

ಮೊದಲಿಗೆ ಒಂದು ವಾರದ ಲೆಕ್ಕ ಓದುತ್ತೇನೆ. 2025ರ ಏಪ್ರಿಲ್ ಮೊದಲ ವಾರ. ನನ್ನ ಮನೆ ಖರ್ಚಿನ ಪುಸ್ತಕದಲ್ಲಿ ಆ ಪುಟದ ಅಂಚಿಗೆ ಕೆಂಪು ಶಾಯಿಯ ಗೆರೆ ಎಳೆದಿಟ್ಟಿದ್ದೇನೆ. ಏಪ್ರಿಲ್ 1ರಿಂದ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿತು, ಲೀಟರಿಗೆ ಎರಡು ರೂಪಾಯಿ ಹೆಚ್ಚಾಯಿತು. ಅದೇ ದಿನ ನಂದಿನಿ ಹಾಲಿಗೆ ನಾಲ್ಕು ರೂಪಾಯಿ. ಹಾಲಿನ ನಾಲ್ಕು ರೂಪಾಯಿಯನ್ನು ನಾನು ದೂರುವುದಿಲ್ಲ, ಅದು ಹಸು ಕಟ್ಟುವವರ ಕೈಸೇರಬೇಕಾದ ದುಡ್ಡು. ಅದೇ ದಿನದಿಂದ ಕರೆಂಟಿಗೆ ಯೂನಿಟ್ ಒಂದಕ್ಕೆ 36 ಪೈಸೆ ಹೊಸದಾಗಿ ಸೇರಿತು. ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆ ಸರ್ಕಾರದ ಪಾಲು ಎಂದಿದ್ದ ಹಣವನ್ನು ಇನ್ನು ಗ್ರಾಹಕರೇ ತುಂಬಿಕೊಡಬೇಕು ಎಂದಾಯಿತು. ಏಪ್ರಿಲ್ 7ಕ್ಕೆ ದೆಹಲಿಯ ಸರದಿ. ಕೇಂದ್ರ ಸರ್ಕಾರ ಪೆಟ್ರೋಲ್, ಡೀಸೆಲ್ ಎರಡರ ಅಬಕಾರಿ ಸುಂಕವನ್ನೂ ಎರಡೆರಡು ರೂಪಾಯಿ ಏರಿಸಿತು. ಅದೇ ದಿನ ಗ್ಯಾಸ್ ಸಿಲಿಂಡರಿಗೆ 50 ರೂಪಾಯಿ ಏರಿತು.

ಆಮೇಲೆ ನಡೆದದ್ದು ನಿಮಗೆ ನೆನಪಿರಬಹುದು. ಅದೇ ಏಪ್ರಿಲ್ 7ರಂದು ಬಿಜೆಪಿ ಮೈಸೂರಿನಿಂದ ಜನಾಕ್ರೋಶ ಯಾತ್ರೆ ಹೊರಡಿಸಿತು, ರಾಜ್ಯ ಸರ್ಕಾರದ ಬೆಲೆ ಏರಿಕೆ ವಿರುದ್ಧ. ಸ್ವಲ್ಪ ದಿನಕ್ಕೆ ಕಾಂಗ್ರೆಸ್ಸಿನವರು ಬೆಂಗಳೂರಿನಲ್ಲಿ ಸೇರಿದರು, ಕೇಂದ್ರ ಸರ್ಕಾರದ ಬೆಲೆ ಏರಿಕೆ ವಿರುದ್ಧ. ಎರಡು ಕಡೆಯವರು ಹೇಳಿದ್ದೂ ನಿಜವೇ. ಇವರು ಹೇಳಿದ ಎರಡು ರೂಪಾಯಿಯೂ ಸತ್ಯ, ಅವರು ಹೇಳಿದ ಎರಡು ರೂಪಾಯಿಯೂ ಸತ್ಯ. ತಾವು ಏರಿಸಿದ್ದನ್ನು ಮಾತ್ರ ಇಬ್ಬರೂ ಹೇಳಲಿಲ್ಲ. ಆ ವಾರ ನಮ್ಮೂರಿನ ಚಹಾದಂಗಡಿಯಲ್ಲಿ ಇಬ್ಬರು ಬಾಲ್ಯದ ಗೆಳೆಯರು ಇದೇ ವಿಷಯಕ್ಕೆ ಮಾತು ಬಿಟ್ಟರು. ಒಬ್ಬ ದೆಹಲಿಯನ್ನು ಬೈದ, ಇನ್ನೊಬ್ಬ ಬೆಂಗಳೂರನ್ನು ಬೈದ. ಇಬ್ಬರದೂ ಪಿಕಪ್ ಗಾಡಿ, ಇಬ್ಬರೂ ಒಂದೇ ಬಂಕಿನಲ್ಲಿ ಡೀಸೆಲ್ ಹಾಕಿಸುವವರು. ನನಗೆ ಆ ದಿನ ಹೊಟ್ಟೆಯಲ್ಲಿ ಸಂಕಟವಾಯಿತು. ನಮ್ಮ ಸಿಟ್ಟನ್ನು ಎರಡು ಪಾಲು ಮಾಡಿ, ಒಂದನ್ನು ಇನ್ನೊಂದರ ಮೇಲೆ ಬಿಟ್ಟು, ಬೆಲೆ ಏರಿಸಿದವರು ಇಬ್ಬರೂ ಆರಾಮಾಗಿ ಕುಳಿತಿದ್ದಾರಲ್ಲ ಎನಿಸಿತು.

ಹಾಗಾಗಿ ಇವತ್ತು ಒಂದು ಲೀಟರನ್ನು ಬಿಡಿಸಿ ನೋಡೋಣ. ಆ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಡೀಸೆಲ್ ಲೀಟರಿಗೆ 91 ರೂಪಾಯಿ ಎರಡು ಪೈಸೆ. ನಮ್ಮಲ್ಲಿ ಸಾಗಣೆ ದೂರಕ್ಕೆ ತಕ್ಕಂತೆ ಒಂದಿಷ್ಟು ವ್ಯತ್ಯಾಸ. ಅದರಲ್ಲಿ ಕೇಂದ್ರದ ಸುಂಕ 17 ರೂಪಾಯಿ 80 ಪೈಸೆ. ರಾಜ್ಯದ ತೆರಿಗೆ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ 16 ರೂಪಾಯಿ. ಎರಡೂ ಸೇರಿ 33 ರೂಪಾಯಿಯ ಮೇಲಾಯಿತು. ಪೆಟ್ರೋಲಿಗೆ ಇನ್ನೂ ಹೆಚ್ಚು: ಕೇಂದ್ರಕ್ಕೆ 21 ರೂಪಾಯಿ 90 ಪೈಸೆ, ರಾಜ್ಯಕ್ಕೆ ಅದಕ್ಕಿಂತಲೂ ಸ್ವಲ್ಪ ಜಾಸ್ತಿ. ಸ್ಕೂಟರಿಗೆ ನೂರು ರೂಪಾಯಿಯ ಪೆಟ್ರೋಲ್ ಹಾಕಿಸಿದ ಹುಡುಗಿ ನಲವತ್ತಕ್ಕೂ ಹೆಚ್ಚು ರೂಪಾಯಿಯನ್ನು ಎರಡು ಸರ್ಕಾರಗಳಿಗೆ ಕೊಟ್ಟಿರುತ್ತಾಳೆ.

ಈ ಎರಡು ತೆರಿಗೆಗಳ ನಡತೆ ಬೇರೆ ಬೇರೆ. ಕೇಂದ್ರದ್ದು ಲೀಟರಿಗೆ ಇಂತಿಷ್ಟು ರೂಪಾಯಿ. ಕಚ್ಚಾ ತೈಲ ಏರಲಿ ಇಳಿಯಲಿ, ಅದು ಹಾಗೇ ಇರುತ್ತದೆ. ರಾಜ್ಯದ್ದು ಶೇಕಡಾವಾರು. ಅದನ್ನು ಹಾಕುವುದು ತೈಲದ ಬೆಲೆ ಮತ್ತು ಕೇಂದ್ರದ ಸುಂಕ ಎರಡನ್ನೂ ಸೇರಿಸಿದ ಮೊತ್ತದ ಮೇಲೆ. ಅಂದರೆ ತೆರಿಗೆಯ ಮೇಲೆ ತೆರಿಗೆ. ಕಚ್ಚಾ ತೈಲ ಏರಿದರೆ ರಾಜ್ಯ ಸರ್ಕಾರ ಏನೂ ಮಾಡದೆ ಕೂತರೂ ಅದರ ಆದಾಯ ಏರುತ್ತದೆ. ಕೇಂದ್ರ ಸುಂಕ ಏರಿಸಿ ಬಂಕಿನ ದರವೂ ಏರಿದರೆ ಅದರಲ್ಲೂ ರಾಜ್ಯಕ್ಕೆ ಒಂದು ತುಣುಕು. ‘ಕೇಂದ್ರ ಏರಿಸಿತು’ ಎಂದು ಬೆಂಗಳೂರಿನಿಂದ ಯಾರಾದರೂ ದೂರಿದಾಗ ಆ ತುಣುಕನ್ನು ಕೇಳಬೇಕು.

ಹಾಗೆಯೇ ದೆಹಲಿಯವರು ‘ನಾವು ಸಂಗ್ರಹಿಸಿದ್ದರಲ್ಲಿ ರಾಜ್ಯಗಳಿಗೂ ಪಾಲು ಕೊಡುತ್ತೇವೆ’ ಎಂದಾಗಲೂ ಕೇಳಬೇಕು. ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಅಬಕಾರಿ ಸುಂಕ 2021ರ ಬಜೆಟ್ಟಿನ ನಂತರ ಪೆಟ್ರೋಲಿಗೆ ಲೀಟರಿಗೆ 1 ರೂಪಾಯಿ 40 ಪೈಸೆ, ಡೀಸೆಲಿಗೆ 1 ರೂಪಾಯಿ 80 ಪೈಸೆ ಮಾತ್ರ. ಉಳಿದದ್ದೆಲ್ಲ ವಿಶೇಷ ಹೆಚ್ಚುವರಿ ಸುಂಕ, ರಸ್ತೆ ಸೆಸ್, ಕೃಷಿ ಸೆಸ್ ಎಂಬ ಹೆಸರಿನಲ್ಲಿದೆ. ಸೆಸ್‌ನಲ್ಲಿ ರಾಜ್ಯಗಳಿಗೆ ಪಾಲಿಲ್ಲ. ಕೃಷಿಯ ಹೆಸರಿನ ಸೆಸ್ಸನ್ನು ರೈತನೂ ತನ್ನ ಟಿಲ್ಲರಿನ ಡೀಸೆಲ್ ಮೇಲೆ ಕಟ್ಟುತ್ತಾನೆ. ಇದನ್ನು ನಾನು ಎಷ್ಟು ಸಲ ಓದಿದರೂ ನನ್ನ ಮನಸ್ಸು ಒಪ್ಪುವುದಿಲ್ಲ.

ಹಿಂದಿನ ಪುಟಗಳನ್ನೂ ತಿರುವಿ ನೋಡೋಣ. 2014ರ ಮೇ ತಿಂಗಳಲ್ಲಿ ಡೀಸೆಲ್ ಮೇಲಿನ ಕೇಂದ್ರ ಸುಂಕ 3 ರೂಪಾಯಿ 56 ಪೈಸೆ. 2020ರ ಮೇ ತಿಂಗಳಲ್ಲಿ 31 ರೂಪಾಯಿ 83 ಪೈಸೆ. ಆರು ವರ್ಷದಲ್ಲಿ ಒಂಬತ್ತು ಪಟ್ಟಿನ ಹತ್ತಿರ. 2020ರ ಏಪ್ರಿಲ್‌ನಲ್ಲಿ ಲೋಕವೆಲ್ಲ ಮನೆಯೊಳಗೆ ಕೂತಿದ್ದಾಗ ಭಾರತ ಕೊಳ್ಳುವ ಕಚ್ಚಾ ತೈಲ ಪೀಪಾಯಿಗೆ 20 ಡಾಲರಿನ ಆಸುಪಾಸಿಗೆ ಇಳಿದಿತ್ತು. ಬೆಲೆ ಏರಿದಾಗ ಕೊಡುವವರು ನಾವಾದರೆ ಇಳಿದಾಗ ಉಳಿಸಿಕೊಳ್ಳುವವರೂ ನಾವೇ ಆಗಬೇಕಿತ್ತು. ಹಾಗಾಗಲಿಲ್ಲ. ಮೇ ತಿಂಗಳ ಒಂದೇ ರಾತ್ರಿಯಲ್ಲಿ ಪೆಟ್ರೋಲಿಗೆ 10 ರೂಪಾಯಿ, ಡೀಸೆಲಿಗೆ 13 ರೂಪಾಯಿ ಸುಂಕ ಏರಿತು. ಬಂಕಿನ ದರ ಏರಲಿಲ್ಲವಾದ್ದರಿಂದ ನಮಗೆ ಗೊತ್ತೂ ಆಗಲಿಲ್ಲ. ಇಳಿಯಬೇಕಾದ್ದು ಇಳಿಯದೆ ಇರುವುದು ಕಣ್ಣಿಗೆ ಕಾಣುವುದಿಲ್ಲ. ಮುಂದೆ 2021ರ ಜೂನ್ ಹೊತ್ತಿಗೆ ಕರ್ನಾಟಕದಲ್ಲಿ ಪೆಟ್ರೋಲ್ ನೂರು ರೂಪಾಯಿ ದಾಟಿತು. 2021ರ ನವೆಂಬರ್ ಮತ್ತು 2022ರ ಮೇ ತಿಂಗಳಲ್ಲಿ ಕೇಂದ್ರ ಸುಂಕ ಇಳಿಸಿದ್ದೂ ಸತ್ಯ, ಆ ನವೆಂಬರಿನಲ್ಲಿ ರಾಜ್ಯ ಸರ್ಕಾರ ಏಳು ರೂಪಾಯಿ ಬಿಟ್ಟುಕೊಟ್ಟದ್ದೂ ಸತ್ಯ. ಅದನ್ನೂ ಬರೆಯಬೇಕು. ಜಮಾ ಬರೆಯದ ಪುಸ್ತಕ ಲೆಕ್ಕದ ಪುಸ್ತಕವಲ್ಲ.

ಇನ್ನೊಂದು ಪುಟ ಓದುತ್ತೇನೆ, ಇದು ತಾರೀಕುಗಳದ್ದು. ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರಿ ನಿಯಂತ್ರಣ ಹೋದದ್ದು 2010ರಲ್ಲಿ, ಡೀಸೆಲ್‌ದು 2014ರಲ್ಲಿ. 2017ರ ಜೂನ್‌ನಿಂದ ದಿನಾ ಬೆಳಗ್ಗೆ ಆರಕ್ಕೆ ಹೊಸ ದರ ಎಂದರು. ಮಾರುಕಟ್ಟೆ ಹೇಳಿದಂತೆ ಏರುತ್ತದೆ, ಇಳಿಯುತ್ತದೆ, ಇದರಲ್ಲಿ ಸರ್ಕಾರದ ಕೈಯಿಲ್ಲ ಎಂದರು. 2018ರ ಮೇ 12ರಂದು ನಮ್ಮ ವಿಧಾನಸಭೆಗೆ ಮತದಾನ. ಅದಕ್ಕೆ ಮುಂಚಿನ ಹತ್ತೊಂಬತ್ತು ದಿನ ದರ ಅಲುಗಾಡಲಿಲ್ಲ. ಮೇ 14ರ ಬೆಳಗ್ಗೆ ಏರತೊಡಗಿತು. 2021ರ ನವೆಂಬರಿನಿಂದ ಉತ್ತರ ಪ್ರದೇಶ, ಪಂಜಾಬ್ ಮೊದಲಾದ ರಾಜ್ಯಗಳ ಚುನಾವಣೆ ಮುಗಿಯುವವರೆಗೆ ನಾಲ್ಕೂವರೆ ತಿಂಗಳು ದರ ನಿಂತಲ್ಲೇ ನಿಂತಿತು. ಫಲಿತಾಂಶ ಬಂದ ಮೇಲೆ 2022ರ ಮಾರ್ಚ್ 22ರಿಂದ ಹದಿನಾರು ದಿನದಲ್ಲಿ ಹತ್ತು ರೂಪಾಯಿ ಏರಿತು. 2024ರ ಮಾರ್ಚ್ 15ಕ್ಕೆ ಎರಡು ರೂಪಾಯಿ ಇಳಿಯಿತು, ಮರುದಿನ ಲೋಕಸಭೆ ಚುನಾವಣೆ ಘೋಷಣೆಯಾಯಿತು.

ಇಷ್ಟು ಹೇಳಿದರೆ ಒಂದು ಪಕ್ಷದವರು ಚಪ್ಪಾಳೆ ತಟ್ಟಬಹುದು. ತಟ್ಟಬೇಡಿ, ಪುಟ ಮುಗಿದಿಲ್ಲ. ಅದೇ 2024ರಲ್ಲಿ ಜೂನ್ 4ಕ್ಕೆ ಲೋಕಸಭೆ ಫಲಿತಾಂಶ ಬಂತು. ಜೂನ್ 15ಕ್ಕೆ ಕರ್ನಾಟಕ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ, ಡೀಸೆಲಿನದ್ದನ್ನು ಶೇ 14.34ರಿಂದ ಶೇ 18.44ಕ್ಕೆ ಏರಿಸಿತು. ಲೀಟರಿಗೆ ಮೂರು ರೂಪಾಯಿಯ ಏರಿಕೆ. ಕರೆಂಟಿನ ಕಥೆಯೂ ಇದೇ. 2023ರ ಮೇ 10ಕ್ಕೆ ಮತದಾನ, 13ಕ್ಕೆ ಎಣಿಕೆ. ನಡುವಿನ 12ರಂದು ಯೂನಿಟ್‌ಗೆ 70 ಪೈಸೆ ಏರಿಕೆಯ ಆದೇಶ ಹೊರಬಿತ್ತು, ಅದೂ ಏಪ್ರಿಲ್‌ನಿಂದಲೇ ಜಾರಿ. ಜೂನ್ ತಿಂಗಳ ಬಿಲ್ಲಿನಲ್ಲಿ ಹಿಂದಿನ ಬಾಕಿಯೂ ಸೇರಿ ಬಂದಾಗ ಜನ ಬೆಚ್ಚಿಬಿದ್ದರು. ಏರಿಸಿದ್ದು ಹಿಂದಿನ ಸರ್ಕಾರದ ಕಾಲದಲ್ಲಿ ಎಂದು ಇವರು, ಜಾರಿಗೆ ತಂದದ್ದು ಈಗಿನ ಸರ್ಕಾರ ಎಂದು ಅವರು. ಒಂದು ಸಲವಾದರೆ ಕಾಕತಾಳೀಯ ಎನ್ನಬಹುದು. ಐದು ಸಲ ಆದದ್ದನ್ನು ಹಾಗೆನ್ನುವುದಕ್ಕೆ ನನ್ನಿಂದ ಆಗುವುದಿಲ್ಲ. ನಮ್ಮ ಸಿಟ್ಟಿಗೆ ಆಯುಷ್ಯ ಎಷ್ಟು ದಿನ ಎಂದು ಅವರಿಗೆ ಗೊತ್ತಿದೆ. ಮತ ಹಾಕಿ ಬಂದ ಮರುದಿನದಿಂದ ಮುಂದಿನ ಚುನಾವಣೆಯ ತನಕ ಅದು ಬಾಳುವುದಿಲ್ಲವೆಂದು ನಂಬಿದ್ದಾರೆ.

ಇನ್ನು ನಮ್ಮ ಮಲೆನಾಡಿಗೆ ಬರುತ್ತೇನೆ. ಬೆಲೆ ಏರಿಕೆ ಎಲ್ಲರಿಗೂ ಒಂದೇ ಎಂದು ಹೇಳುತ್ತಾರೆ. ಒಂದೇ ಅಲ್ಲ. ಬೆಂಗಳೂರಿನವರಿಗೆ ಮೆಟ್ರೊ ಇದೆ, ಸರ್ಕಾರಿ ಬಸ್ಸಿದೆ. ನಮ್ಮಲ್ಲಿ ಮನೆಗೂ ಮನೆಗೂ ನಡುವೆ ಒಂದು ಗುಡ್ಡ, ಒಂದು ಹಳ್ಳ. ಹಾಲಿನ ಕ್ಯಾನಿನಿಂದ ಹಿಡಿದು ಬಾಣಂತಿಯವರೆಗೆ ಎಲ್ಲರೂ ಡೀಸೆಲ್ ಮೇಲೆಯೇ ಹೋಗಬೇಕು. ಮಳೆಗಾಲದ ಮುಂಚೆ ಅಡಿಕೆಗೆ ಕೊಳೆ ಮದ್ದು ಹೊಡೆಯಬೇಕು, ನಲವತ್ತು ದಿನ ಬಿಟ್ಟು ಮತ್ತೆ ಹೊಡೆಯಬೇಕು. ಮೈಲುತುತ್ತ, ಸುಣ್ಣದ ಜೊತೆ ಡ್ರಮ್ಮಿನ ಪಕ್ಕದ ಎಂಜಿನ್ನಿಗೂ ಎಣ್ಣೆ ಬೇಕು. ಬಾಡಿಗೆಗೆ ಬರುವ ಸುಲಿಯುವ ಯಂತ್ರದವರು, ಟಿಲ್ಲರಿನವರು ಎಲ್ಲರೂ ತಮ್ಮ ದರವನ್ನು ಬಂಕಿನ ಬೋರ್ಡು ನೋಡಿ ಹೇಳುತ್ತಾರೆ. ಬೋರ್ಡಿನಲ್ಲಿ ಎರಡು ರೂಪಾಯಿ ಏರಿದರೆ ಬಾಡಿಗೆ ಐವತ್ತು ಏರುತ್ತದೆ. ಬೋರ್ಡು ಇಳಿದಾಗ ಬಾಡಿಗೆ ಇಳಿದದ್ದನ್ನು ನನ್ನ ಪುಸ್ತಕ ಕಂಡಿಲ್ಲ.

ಬಸ್ಸಿನ ವಿಷಯಕ್ಕೆ ಬರುತ್ತೇನೆ ಎಂದೆನಲ್ಲ. ಕೊಪ್ಪದಲ್ಲಿ ಒಂದು ಸಹಕಾರ ಸಾರಿಗೆ ಇತ್ತು. ಹಸಿರು ಗುಡ್ಡಗಳ ನಡುವೆ ಅದರ ಬಸ್ಸು ಬರುವುದನ್ನು ಕಾದು ನಿಂತವರು ಈ ಸಭೆಯಲ್ಲಿ ಎಷ್ಟೋ ಜನ ಇದ್ದೀರಿ. 1991ರಲ್ಲಿ ಕೆಲಸ ಕಳೆದುಕೊಂಡ ಬಸ್ ಕಾರ್ಮಿಕರು ತಾವೇ ಸೇರಿ, ತಾವೇ ಮಾಲೀಕರಾಗಿ ಕಟ್ಟಿದ್ದು. ಡ್ರೈವರೂ ಸದಸ್ಯ, ಕಂಡಕ್ಟರೂ ಸದಸ್ಯ. ಲಾಭವಿಲ್ಲದ ದಾರಿಗೂ, ಒಂಟಿ ಮನೆಯ ಶಾಲಾ ಮಕ್ಕಳಿಗೂ ಬಸ್ಸು ಓಡಿತು. ಸಹಕಾರದಲ್ಲಿ ಬದುಕು ಸವೆಸಿದ ನನಗೆ ಅದು ದೇವಸ್ಥಾನವಿದ್ದ ಹಾಗೆ ಇತ್ತು. ಮೂರು ದಶಕದ ಹತ್ತಿರ ನಡೆದು 2020ರ ಫೆಬ್ರವರಿಯಲ್ಲಿ ನಿಂತುಹೋಯಿತು. ಡೀಸೆಲ್ ದರ, ತೆರಿಗೆ, ವಿಮೆ, ಸಂಬಳ ಎಲ್ಲ ಏರುತ್ತಾ ಹೋಗಿ, ಬರುವ ಟಿಕೆಟ್ ದುಡ್ಡು ಸಾಲದಾಯಿತು. ಆ ವರ್ಷದ ಏಪ್ರಿಲ್‌ನಲ್ಲಿ ಕಚ್ಚಾ ತೈಲ ನೆಲಕಚ್ಚಿತು ಎಂದು ಆಗಲೇ ಹೇಳಿದೆ. ಆ ಇಳಿಕೆ ಬಂಕಿಗೆ ಬಂದಿದ್ದರೂ ಸಹಕಾರ ಸಾರಿಗೆ ಉಳಿಯುತ್ತಿತ್ತು ಎಂದು ನಾನು ಹೇಳಲಾರೆ, ಕೊರೊನಾ ಬೇರೆ ಬಂತು. ಆದರೆ ಇಂಥದ್ದೊಂದು ಸಂಸ್ಥೆಯ ಡೀಸೆಲ್ಲಿಗೆ ಸ್ವಲ್ಪ ಕಾಲ ತೆರಿಗೆ ಬಿಟ್ಟುಕೊಡುವುದಕ್ಕೆ ಯಾವ ಸರ್ಕಾರಕ್ಕೂ ಮನಸ್ಸಾಗಲಿಲ್ಲ ಎಂಬುದು ನನ್ನೊಳಗೆ ಇನ್ನೂ ಉರಿಯುತ್ತದೆ.

2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಬಂತು. ಒಳ್ಳೆಯದು, ಮನಸಾರೆ ಹೇಳುತ್ತೇನೆ. ಆದರೆ ನಮ್ಮ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿ ಕೂಲಿಗೆ ಹೋಗುವ ಹೆಣ್ಣುಮಗಳು ಟಿಕೆಟ್ ಕೊಡುತ್ತಾಳೆ, ಆ ಟಿಕೆಟ್ಟಿನೊಳಗೆ ಡೀಸೆಲ್ ತೆರಿಗೆಯನ್ನೂ ಕೊಡುತ್ತಾಳೆ. ಬಯಲುಸೀಮೆಯ ತಂಗಿಗೆ ಉಚಿತವಾದ ದಾರಿಗೆ ಇಲ್ಲಿನ ತಂಗಿಯೂ ದುಡ್ಡು ಕಟ್ಟುತ್ತಿದ್ದಾಳೆ. ನಮ್ಮ ಶಾಸಕರು ಸದನದಲ್ಲಿ ಈ ಮಾತನ್ನು ಎಷ್ಟು ಗಟ್ಟಿಯಾಗಿ ಎತ್ತಿದ್ದಾರೆ ಎಂದು ಕೇಳುವವರು ಬೇಕು.

ಕರೆಂಟಿನ ಮಾತಿಗೆ ಬಂದರೆ ನನಗೆ ಗಂಟಲು ಕಟ್ಟುತ್ತದೆ. ನಮ್ಮಜ್ಜನ ಮನೆ ಶರಾವತಿಯ ದಂಡೆಯಲ್ಲಿತ್ತು. ಈಗ ನೀರಿನಡಿ. ಮೊದಲು ಹಿರೇಭಾಸ್ಕರ ಅಣೆಕಟ್ಟು ಬಂತು, ಜೋಗದ ಕೆಳಗಿನ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಬಂದು ಆ ಅಣೆಕಟ್ಟನ್ನೂ ಮುಳುಗಿಸಿತು. 1819 ಅಡಿಯ ಗರಿಷ್ಠ ಮಟ್ಟ, 150 ಟಿಎಂಸಿಗೂ ಮಿಕ್ಕಿದ ನೀರು. ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳಿಂದ 1035 ಮೆಗಾವಾಟ್, ಗೇರುಸೊಪ್ಪೆಯಲ್ಲಿ 240, ನಮ್ಮ ಹೊಸನಗರದ ಮಾಣಿ ಅಣೆಕಟ್ಟಿನ ನೀರಿನಿಂದ ಘಟ್ಟದ ಕೆಳಗೆ ವಾರಾಹಿಯಲ್ಲಿ 460. ದಶಕಗಳ ಕಾಲ ಕರ್ನಾಟಕದ ಕಾರ್ಖಾನೆಗಳು ಓಡಿದ್ದು, ಬೆಂಗಳೂರು ಬೆಳಗಿದ್ದು ಈ ನೀರಿನಿಂದ. ಇವತ್ತಿಗೂ ರಾಜ್ಯಕ್ಕೆ ಸಿಗುವ ಅತಿ ಅಗ್ಗದ ವಿದ್ಯುತ್ತಿನಲ್ಲಿ ಶರಾವತಿಯದ್ದೂ ಒಂದು.

ಹಿನ್ನೀರಿನ ಆಚೆ ಉಳಿದ ಕರೂರು, ಭಾರಂಗಿ ಹೋಬಳಿಯವರು ಮಾತ್ರ ಅರವತ್ತು ವರ್ಷ ಲಾಂಚ್ ಕಾದರು. ಸಿಗಂದೂರು ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ. ಲಾರಿಯಲ್ಲಿ ತಂದು ಕಾಡಿನ ನಡುವೆ ಇಳಿಸಿಹೋದ ಕುಟುಂಬಗಳ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಎಲ್ಲರಿಗೂ ಗೊತ್ತು. ನಮ್ಮಜ್ಜಿ ಅದನ್ನು ಗಾದೆಯಾಗಿ ಹೇಳುತ್ತಿರಲಿಲ್ಲ. ಮಳೆಗಾಲದ ರಾತ್ರಿ ಬುಡ್ಡಿ ದೀಪ ಹಚ್ಚುತ್ತಾ, ದೂರದ ಗುಡ್ಡದ ಮೇಲೆ ಹಾದುಹೋದ ದೊಡ್ಡ ಲೈನಿನ ಕಂಬ ತೋರಿಸಿ, ‘ನಮ್ಮನೆ ಅಲ್ಲಿ ಹೋಗ್ತಾ ಅದೆ ನೋಡು’ ಎನ್ನುತ್ತಿದ್ದಳು.

ಈಗ ಶರಾವತಿ ಕಣಿವೆಗೆ ಮತ್ತೊಂದು ಯೋಜನೆ. ಕೆಳಗಿನ ಗೇರುಸೊಪ್ಪೆಯ ನೀರನ್ನು ಮೇಲಿನ ತಲಕಳಲೆಗೆ ಎತ್ತಿ, ಬೇಕಾದಾಗ ಇಳಿಸಿ 2000 ಮೆಗಾವಾಟ್ ತೆಗೆಯುವುದು. ಇದರ ಹಿಂದಿನ ಕಾರಣವನ್ನು ನ್ಯಾಯವಾಗಿ ಹೇಳಬೇಕು. ಪಾವಗಡದಂಥ ಕಡೆ ಹಗಲು ಬಿಸಿಲಿನ ವಿದ್ಯುತ್ ಬೇಕಾದಷ್ಟಿದೆ, ಸಂಜೆ ಏಳಕ್ಕೆ ಎಲ್ಲರೂ ಸ್ವಿಚ್ ಒತ್ತುವಾಗ ಬಿಸಿಲಿಲ್ಲ. ಹಗಲಿನದನ್ನು ನೀರಿನ ರೂಪದಲ್ಲಿ ಎತ್ತಿಟ್ಟು ಸಂಜೆ ಬಳಸುವುದು ಇದರ ತಿರುಳು. ನೀರೆತ್ತಲು ಬೇಕಾಗುವ ವಿದ್ಯುತ್ತು ಅದು ಕೊಡುವುದಕ್ಕಿಂತ ಹೆಚ್ಚು. ಆದರೂ ಸಂಜೆಯ ಕೊರತೆ ತುಂಬುವುದಕ್ಕೆ ಬೇಕು ಎನ್ನುತ್ತಾರೆ. ಇದರಲ್ಲಿ ಸುಳ್ಳಿಲ್ಲ. ಆದರೆ ದಾರಿ ಹಾಯುವುದು ಸಿಂಗಳೀಕಗಳ ಅಭಯಾರಣ್ಯದ ಮೂಲಕ, ಮಳೆಗೆ ಗುಡ್ಡ ಕುಸಿಯುವ ನೆಲದೊಳಗೆ ಸುರಂಗ ಕೊರೆದು. 2025ರ ಸೆಪ್ಟೆಂಬರಿನಲ್ಲಿ ಸಾರ್ವಜನಿಕ ಅಹವಾಲು ಸಭೆಗಳು ನಡೆದಾಗ ಜನ ಹೋಗಿ ನಿಂತು ಬೇಡ ಎಂದರು. ನಾನೂ ಬೇಡ ಎನ್ನುವವನೇ. ಈ ಕಣಿವೆ ಎರಡು ಸಲ ಕೊಟ್ಟಾಗಿದೆ, ಮೂರನೆಯ ಸಲ ಕೇಳುವ ಮೊದಲು ಹಿಂದಿನ ಎರಡರ ಬಾಕಿ ತೀರಿಸಬೇಕು.

‘ಹಾಗಾದರೆ ಸಂಜೆಯ ಕರೆಂಟಿಗೆ ಏನು ಮಾಡಬೇಕು?’ ಎಂದು ಅವರು ಕೇಳಿದಾಗ ನಾವು ತಲೆತಗ್ಗಿಸಬಾರದು. ಇಲ್ಲಿ ನಮ್ಮ ಕಡೆಯ ಲೆಕ್ಕವನ್ನೂ ನೋಡಿಕೊಳ್ಳಬೇಕು. ಅಣೆಕಟ್ಟು ಬೇಡ, ಕಲ್ಲಿದ್ದಲು ಬೇಡ, ಕೈಗಾದ ಅಣು ಬೇಡ, ಬಿಲ್ಲು ಮಾತ್ರ ಸೊನ್ನೆ ಇರಲಿ ಎಂದರೆ ಅದು ಲೆಕ್ಕಕ್ಕೆ ಕೂರುವುದಿಲ್ಲ. ನಮ್ಮ ಸೀಮೆಗೆ ಬೇರೆ ಬಗೆಯ ಅನುಭವ ಇದೆ. ಸಾಗರ, ಶಿರಸಿ ಕಡೆಯ ಮನೆಗಳಲ್ಲಿ ಗೋಬರ್ ಗ್ಯಾಸ್ ನಡೆದಷ್ಟು ಚೆನ್ನಾಗಿ ಬೇರೆಲ್ಲೂ ನಡೆದದ್ದು ನಾನು ಕಂಡಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ನಮ್ಮ ಅಡುಗೆಮನೆಗಳಲ್ಲಿ ಕಟ್ಟಿಗೆಯನ್ನೂ ಹೊಗೆಯನ್ನೂ ಕಡಿಮೆ ಮಾಡಿತು. ಮನೆ ಹಿಂದಿನ ಅಬ್ಬಿ ನೀರಿಗೆ ಪೈಪು ಹಾಕಿ, ಸಣ್ಣ ಟರ್ಬೈನು ತಿರುಗಿಸಿ ಮಳೆಗಾಲವಿಡೀ ದೀಪ ಉರಿಸುವ ಮನೆಗಳು ಈಗಲೂ ಇವೆ. ಲೈನ್ ಬಿದ್ದು ವಾರಗಟ್ಟಲೆ ಕರೆಂಟಿಲ್ಲದ ಜುಲೈಯಲ್ಲಿ ಊರಿಗೆಲ್ಲ ಮೊಬೈಲ್ ಚಾರ್ಜ್ ಮಾಡಿಕೊಟ್ಟ ಮನೆ ಅದೇ. ಇಂಥದ್ದಕ್ಕೆ ಆಗೊಮ್ಮೆ ಈಗೊಮ್ಮೆ ಸಬ್ಸಿಡಿ ಬರುತ್ತದೆ, ಹೋಗುತ್ತದೆ. ಇಂಧನ ನೀತಿ ಎಂಬ ಮಾತು ಬಂದಾಗ ಸಾವಿರಾರು ಕೋಟಿಯ ಯೋಜನೆಗಳೇ ಮೇಜಿನ ಮೇಲೆ ಬರುತ್ತವೆ. ಗುದ್ದಲಿ ಪೂಜೆಗೆ ಒಗ್ಗುವ ಯೋಜನೆಗಳು ಅವು. ಹೊಳೆಯ ನೀರಿಗೆ ಸಾವಿರ ಸಣ್ಣ ಟರ್ಬೈನು ಕೂರಿಸಿದರೆ ಒಂದು ದೊಡ್ಡ ಶಿಲಾಫಲಕ ಸಿಗುವುದಿಲ್ಲ.

ಗೃಹಜ್ಯೋತಿಯ ಬಗ್ಗೆ ಒಂದು ಮಾತು. 2023ರ ಜುಲೈಯಿಂದ 200 ಯೂನಿಟ್ ಒಳಗಿನ ಮನೆಗಳಿಗೆ, ಹಿಂದಿನ ಸರಾಸರಿಗೆ ಒಂದಿಷ್ಟು ಸೇರಿಸಿ, ಬಿಲ್ಲು ಸೊನ್ನೆ. ನನ್ನ ಮನೆಗೂ ಸೊನ್ನೆ ಬರುತ್ತದೆ. ಬಡವರ ಮನೆಗೆ ಅದರಿಂದ ಉಸಿರು ಬಂದಿದೆ, ನಾನದನ್ನು ಹಗುರ ಮಾಡುವುದಿಲ್ಲ. ಆದರೆ ಸೊನ್ನೆ ಬಿಲ್ಲನ್ನು ಯಾರೂ ಓದುವುದಿಲ್ಲ. ಆ ಸೊನ್ನೆಯ ಮೇಲೆ ನಿಗದಿತ ಶುಲ್ಕ ಎಷ್ಟಾಯಿತು, ಯೂನಿಟ್ ದರ ಎಷ್ಟಾಯಿತು, ಪಿಂಚಣಿಯ ಆ ಪೈಸೆಗಳು ಎಲ್ಲಿ ಸೇರಿದವು ಎಂಬುದೆಲ್ಲ ಅಚ್ಚಾಗಿರುತ್ತದೆ. ಇಂಥ ಬಾಬ್ತುಗಳಿಗೆಲ್ಲ ಊರಿನ ಹಿಟ್ಟಿನ ಗಿರಣಿಯವನು, ಹಾಲಿನ ಶೀತಲ ಘಟಕ, ಬೇಕರಿಯವಳು ತಮ್ಮ ತಮ್ಮ ದರದಲ್ಲಿ ದುಡ್ಡು ಕಟ್ಟುತ್ತಾರೆ. ಸೊನ್ನೆ ಬಂದವರು ಅವರ ಜೊತೆ ನಿಲ್ಲುವುದನ್ನು ಬಿಟ್ಟಿದ್ದೇವೆ.

ಇಷ್ಟಕ್ಕೆ ನನ್ನ ಮಾತು ನಿಲ್ಲಿಸಿ ಪ್ರಶ್ನೆ ತೆಗೆದುಕೊಂಡೆ.

ಪಿಕಪ್ ಓಡಿಸುವ ತಮ್ಮನೊಬ್ಬ ಎದ್ದು, ‘ಸಾರ್, ಪೆಟ್ರೋಲ್ ಡೀಸೆಲ್ಲನ್ನು ಜಿಎಸ್‌ಟಿಗೆ ತಂದುಬಿಟ್ಟರೆ ಎಲ್ಲ ಸರಿ ಹೋಗ್ತದಲ್ಲ?’ ಎಂದ. ದರ ಇಳಿಯಬಹುದು, ಲೆಕ್ಕ ಸರಳವಾಗುವುದಂತೂ ಹೌದು ಎಂದೆ. ಜಿಎಸ್‌ಟಿ 2017ರಲ್ಲಿ ಬಂದಾಗ ಕಚ್ಚಾ ತೈಲ, ಪೆಟ್ರೋಲ್, ಡೀಸೆಲ್, ನೈಸರ್ಗಿಕ ಅನಿಲ, ವಿಮಾನದ ಇಂಧನ ಈ ಐದನ್ನು ಮುಂದೆ ಯಾವತ್ತೋ ಸೇರಿಸೋಣ ಎಂದು ಸಂವಿಧಾನದಲ್ಲೇ ಜಾಗ ಬಿಟ್ಟಿದ್ದಾರೆ. ದಿನ ಗೊತ್ತುಮಾಡುವ ಕೆಲಸ ಜಿಎಸ್‌ಟಿ ಮಂಡಳಿಯದ್ದು. 2021ರ ಸೆಪ್ಟೆಂಬರಿನಲ್ಲಿ ಲಖನೌದ ಸಭೆಯಲ್ಲಿ ಈ ವಿಷಯ ಬಂದಾಗ ಇದು ಕಾಲವಲ್ಲ ಎಂದು ಎತ್ತಿಟ್ಟರು. ಆ ಕೋಣೆಯಲ್ಲಿ ಎಲ್ಲ ಪಕ್ಷದ ಸರ್ಕಾರಗಳೂ ಇದ್ದವು. ಬೀದಿಯಲ್ಲಿ ಜಗಳವಾಡುವವರು ಅಲ್ಲಿ ಒಂದೇ ಮಾತಾದರು. ಮತ ಕೇಳಲು ಬಂದವರನ್ನು, ಯಾವ ಪಕ್ಷದವರೇ ಆಗಲಿ, ಆ ಸಭೆಯಲ್ಲಿ ನಿಮ್ಮ ಸರ್ಕಾರ ಏನು ಹೇಳಿತು ಎಂದು ಕೇಳು ತಮ್ಮಾ ಎಂದೆ.

ಹಿಂದಿನ ಸಾಲಿನಲ್ಲಿದ್ದ ಹಿರಿಯ ಅಮ್ಮ ಒಬ್ಬರು ಎದ್ದು ನಿಂತರು. ‘ಗ್ಯಾಸಿಗೆ ಮುಂಚೆ ಬ್ಯಾಂಕಿಗೆ ಏನೋ ಸ್ವಲ್ಪ ಬರ್ತಿತ್ತು, ಆಮೇಲೆ ನಿಂತೇಹೋಯ್ತು. ಯಾರೂ ಹೇಳಲಿಲ್ಲ. ಈಗ ನೆಂಟರು ಬಂದರೆ ಗ್ಯಾಸು, ಇಲ್ಲದಿದ್ರೆ ದರಗು, ಕಟ್ಟಿಗೆ. ಕಣ್ಣು ಉರೀತದೆ. ಇದಕ್ಕೆ ಯಾರನ್ನು ಕೇಳೂದು?’

ಉತ್ತರ ಕೊಡುವುದಕ್ಕೆ ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಮ್ಮಾ, ನೀವು ಹೇಳಿದ್ದು ಸರಿ. 2020ರ ಮೇ ತಿಂಗಳಿಂದ ಹೆಚ್ಚಿನ ಮನೆಗಳಿಗೆ ಸಬ್ಸಿಡಿ ಬರುವುದು ನಿಂತಿತು. ನಿಲ್ಲಿಸಿದ್ದೇವೆ ಎಂದು ಯಾರೂ ನಿಮ್ಮ ಮನೆ ಬಾಗಿಲಿಗೆ ಬಂದು ಹೇಳಲಿಲ್ಲ. ಉಜ್ವಲಾದ ಮನೆಗಳಿಗೆ ಆಮೇಲೆ 200 ರೂಪಾಯಿ, ಮತ್ತೆ 300 ರೂಪಾಯಿ ಕೊಡತೊಡಗಿದರು. 2023ರ ಆಗಸ್ಟಿನಲ್ಲಿ ಎಲ್ಲರಿಗೂ 200 ಇಳಿಸಿದರು, 2024ರ ಮಾರ್ಚ್‌ನಲ್ಲಿ ಇನ್ನೂ ನೂರು. ಆ ತಾರೀಕುಗಳನ್ನೂ ಚುನಾವಣೆಯ ಪಕ್ಕದಲ್ಲೇ ಬರೆದಿದ್ದೇನೆ. ಗ್ಯಾಸಿನ ವಿಷಯ ಕೇಂದ್ರದ್ದು. ಕೇಳಬೇಕಾದದ್ದು ನಮ್ಮ ಸಂಸದರನ್ನು. ನೀವು ಈಗ ಹೇಳಿದ ಮಾತನ್ನು ಹೀಗೆಯೇ, ಒಂದಕ್ಷರ ಬದಲಿಸದೆ ಬರೆದು ಕೊಡೋಣ. ಕೆಳಗೆ ನಿಮ್ಮ ರುಜು, ಅದರ ಕೆಳಗೆ ನಮ್ಮೆಲ್ಲರದು.

‘ಬರೆದು ಕೊಟ್ಟರೆ ಆಗ್ತದಾ?’ ಎಂದು ಯಾರೋ ಕೇಳಿದರು. ಒಂದು ಸಲಕ್ಕೆ ಆಗುವುದಿಲ್ಲ. ಇದೇ ಸಾಗರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತಾಗ ಅವರ ಪ್ರಶ್ನೆ ತುಂಬ ಸಣ್ಣದಾಗಿತ್ತು: ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರ. ಅಳತೆ ಸರಿಯಿಲ್ಲ ಎಂದು ಕೇಳಲು ಹೋದವರ ಹಿಂದೆ ನಾಡೇ ಬಂತು, ಮುಂದೆ ಭೂಸುಧಾರಣೆಯ ಕಾನೂನಿನವರೆಗೂ ಆ ಮಾತು ಹೋಯಿತು. ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು 2019ರಲ್ಲಿ ಎದ್ದಾಗ ಜಿಲ್ಲೆಯೇ ಬಂದ್ ಆಯಿತು, ನೆನಪಿದೆ ತಾನೆ. ಆಗ ನಾವು ಯಾವ ಪಕ್ಷ ಎಂದು ಕೇಳಿಕೊಂಡಿರಲಿಲ್ಲ.

ವಿದ್ಯುತ್ ದರ ಏರಿಸುವ ಮೊದಲು ಕಂಪನಿಯವರು ವಿದ್ಯುತ್ ನಿಯಂತ್ರಣ ಆಯೋಗಕ್ಕೆ ಅರ್ಜಿ ಹಾಕಲೇಬೇಕು. ಅದು ಪತ್ರಿಕೆಯಲ್ಲಿ ಬರುತ್ತದೆ. ಯಾವ ಗ್ರಾಹಕ ಬೇಕಾದರೂ ಆಕ್ಷೇಪಣೆ ಬರೆಯಬಹುದು, ವಿಚಾರಣೆಗೆ ಹೋಗಿ ಮಾತಾಡಬಹುದು. ನಾನು ಒಂದು ಸಲ ಅಂಥ ವಿಚಾರಣೆಗೆ ಹೋಗಿದ್ದೆ. ದೊಡ್ಡ ಉದ್ಯಮದವರು ವಕೀಲರನ್ನು ಕರೆತಂದಿದ್ದರು. ಅಡಿಕೆ ಬೆಳೆಯುವವರು, ಹಾಲು ಹಾಕುವವರು ಎಂದು ಬಂದವರನ್ನು ಕೈಬೆರಳಲ್ಲಿ ಎಣಿಸಬಹುದಿತ್ತು. ಆದರೂ ನನ್ನ ಎರಡು ಪುಟವನ್ನು ತೆಗೆದುಕೊಂಡರು, ಸಂಖ್ಯೆ ಕೊಟ್ಟರು, ಆದೇಶದಲ್ಲಿ ಅದಕ್ಕೆ ಉತ್ತರವನ್ನೂ ಬರೆದರು. ಒಪ್ಪಲಿಲ್ಲ. ಉತ್ತರ ಕೊಡಬೇಕಾಯಿತು.

ಏಳೂಕಾಲು ಆಗುತ್ತಾ ಬಂತು. ಹೊಸನಗರದ ಬಸ್ಸಿನವರು ಏಳಿ, ಹೊರಗೆ ಮಳೆ ಇದೆ, ಕೊಡೆ ಮರೆಯಬೇಡಿ. ಉಳಿದವರು ಮೇಜಿನ ಹತ್ತಿರ ಬನ್ನಿ. ಬಿಳಿ ಹಾಳೆ ತಂದಿದ್ದೇನೆ. ಅಮ್ಮನ ಪತ್ರವನ್ನು ಮೊದಲು ಬರೆಯೋಣ.